ತುಳಸವ್ವನ ಎರಡು ಸಾಕ್ಷಿ

ತುಳಸವ್ವ ಅರ್ಧ ಚೀಲ ಜೋಳದಷ್ಟು ಭಾರವಿದ್ದಳು. ಆಕೆಯ ಗಂಡ ಆಬಾಸಾಹೇಬ ಪೈಲ್ವಾನ ತುಂಬಿದ ಚೀಲ, ಮೇಲೊಂದಿಷ್ಟು ಕೊಸರು. ಭಾನುವಾರ ಇಬ್ಬರೂ ಚರ್ಚಿಗೆ ಹೊರಟರೆ ನಿಪ್ಪಾಣಿಯ ಆ ಓಣಿಯವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಎಂಬತ್ತಾರನೆಯ ಇಸವಿಯ ಚಳಿಗಾಲದಲ್ಲಿ ಪೈಲ್ವಾನನ ಎಡಗಡೆಗೆ ಲಕ್ವ ಹೊಡೆಯಿತು. ಬಲವೆಲ್ಲ ಹೋಯಿತು, ಭಾರ ಎಲ್ಲಿಗೂ ಹೋಗಲಿಲ್ಲ.

ಕ್ರೈಸ್ತರ ಮನೆಯ ಹೆಂಗಸಿಗೆ ತುಳಸವ್ವ ಎಂಬ ಹೆಸರೇಕೆ ಎಂದು ಹೊಸದಾಗಿ ಬಂದ ಪ್ರತಿಯೊಬ್ಬ ಪಾದ್ರಿಯೂ ಕೇಳುತ್ತಿದ್ದರು. “ನಮ್ಮ ಅಜ್ಜಿ ಹೆಸರ್ರಿ. ಅಜ್ಜಿ ದೇವರ ಹತ್ರ ಹೋಗ್ಯಾಳ. ಆಕಿನ್ನ ಕೇಳಿ ಹೇಳತೇನಿ,” ಎನ್ನುತ್ತಿದ್ದಳು. ಪಾದ್ರಿಗಳು ಎರಡನೆಯ ಸಲ ಕೇಳುತ್ತಿರಲಿಲ್ಲ.

ಆಬಾಸಾಹೇಬ ಮನೆಯ ಹಿಂದಿನ ತಾಲೀಮಿನ, ಅಂದರೆ ಗರಡಿಮನೆಯ ವಸ್ತಾದ, ಎಂದರೆ ಊರ ಪೈಲ್ವಾನರಿಗೆ ಕುಸ್ತಿ ಕಲಿಸುವ ಗುರು. ತಾಲೀಮಿನ ಗೂಡಿನಲ್ಲಿ ಮಾರುತಿ ಇದ್ದ. ಶಿಷ್ಯರು ಮಾರುತಿಯ ಹೆಸರು ಹೇಳಿ ಕೆಂಪು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದರು, ವಸ್ತಾದ ಯೇಸುಸ್ವಾಮಿಯ ಹೆಸರು ಹೇಳಿ ಅದೇ ಮಣ್ಣು ಮುಟ್ಟುತ್ತಿದ್ದ. ಎರಡೂ ಕಡೆಯಿಂದ ಈವರೆಗೆ ತಕರಾರು ಬಂದಿರಲಿಲ್ಲ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋಲು, ಅದಕ್ಕೆ ಚಿತ್ ಆಗುವುದು ಎನ್ನುತ್ತಾರೆ. ಶಿಷ್ಯರ ಕಣ್ಣೆದುರು ತಾನೆಂದೂ ಚಿತ್ ಆಗಿಲ್ಲ ಎಂಬುದು ಆಬಾಸಾಹೇಬನಿಗಿದ್ದ ಒಂದೇ ಆಸ್ತಿ. ಈಗ ಹಗಲೂ ರಾತ್ರಿ ಹೊರಸಿನ ಮೇಲೆ ಬೆನ್ನು ಹಚ್ಚಿಯೇ ಮಲಗಬೇಕಾಯಿತು.

“ನನ್ನ ಹುಡುಗರು ಒಬ್ಬರೂ ಒಳಗ ಬರಬಾರ್ದು. ಬಂದರ ನಾ ಅನ್ನಾ ಉಣ್ಣೂದಿಲ್ಲ,” ಎಂದು ಹೆಂಡತಿಗೆ ಹೇಳಿದ.

ದೇವರ ಜೊತೆಗೂ ಮಾತು ಬಿಟ್ಟ. “ಕೊಟ್ಟವ್ನ ಕಸಗೊಂಡಾನ. ಇನ್ನ ಏನ ಕೇಳೂದು?” ಎಂದು ಗೋಡೆಯ ಕಡೆ ಮುಖ ತಿರುಗಿಸಿದ. ತುಳಸವ್ವ ಪ್ರಾರ್ಥನೆಗೆ ಕೂತರೆ ಕೆಮ್ಮುತ್ತಿದ್ದ.

ತುಳಸವ್ವ ತಂಬಾಕಿನ ವಖಾರಿಯ ಕೆಲಸ ಬಿಟ್ಟು ಮನೆಯಲ್ಲೇ ಬೀಡಿ ಕಟ್ಟಲು ಕೂತಳು. ಗಂಡನನ್ನು ಬೆಳಿಗ್ಗೆ ಹೊರಸಿನಿಂದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಹೊರಸಿಗೆ ಎತ್ತಿ ಹಾಕಬೇಕಿತ್ತು. ಎತ್ತುವ ಡಾವನ್ನು, ಎಂದರೆ ಕುಸ್ತಿಯ ಪಟ್ಟನ್ನು, ಆಬಾಸಾಹೇಬನೇ ಕಲಿಸಿದ. ಗುರುವಿಗೆ ಉಳಿದದ್ದು ಇದೊಬ್ಬಳೇ ಶಿಷ್ಯೆ.

“ಎದಿಗೆ ಎದಿ ಹಚ್ಚು. ಮೊಳಕಾಲ ನನ್ನ ಮೊಳಕಾಲಿಗೆ ಒತ್ತು. ಉಸುರು ಹಿಡಿ. ನಡಾ ಬಗ್ಗಿಸಬ್ಯಾಡ.”

ತುಳಸವ್ವ ಇಷ್ಟೆಲ್ಲ ಮಾಡಿ, ಕಣ್ಣು ಮುಚ್ಚಿ, “ಸ್ವಾಮಿ, ಇವತ್ತಿಂದು ಕೊಡು,” ಎಂದು ಎತ್ತುತ್ತಿದ್ದಳು. ನಾಳೆಯದನ್ನು ಆಕೆ ಎಂದೂ ಕೇಳಲಿಲ್ಲ, ನಾಳೆ ಕೇಳಿದರಾಯಿತು ಎಂಬ ಲೆಕ್ಕ. ಪೈಲ್ವಾನ ಕುರ್ಚಿಗೆ ಬಿದ್ದ ಮೇಲೆ “ಸ್ತೋತ್ರ,” ಎನ್ನುತ್ತಿದ್ದಳು.

“ಡಾವು ಕಲಿಸಿದಾಂವ ನಾನು, ಸ್ತೋತ್ರ ಅವಗ,” ಎಂದು ಪೈಲ್ವಾನ ಗೊಣಗುತ್ತಿದ್ದ.

ಅವನ ಅಣ್ಣ ಭಾವುಸಾಹೇಬ ರಾಯಬಾಗ ಕಡೆ ಕಬ್ಬಿನ ಹೊಲ ಮಾಡಿಕೊಂಡಿದ್ದ. ಒಳ್ಳೆಯವನು, ಆದರೆ ಒಳ್ಳೆಯದನ್ನು ಜೋರು ಮಾಡಿಯೇ ಮಾಡುವವನು. “ಇವನ್ನ ನಮ್ಮ ತ್ವಾಟಕ್ಕ ಒಯ್ತೇನಿ. ನಿನ್ನ ಕೈಲೆ ಆಗೂದಲ್ಲ ಇದು,” ಎಂದ. ಅಲ್ಲಿ ಆಳುಗಳಿದ್ದರು, ದನದ ಕೊಟ್ಟಿಗೆಯ ಪಕ್ಕ ಒಂದು ಕೋಣೆಯೂ ಇತ್ತು. ಆಬಾಸಾಹೇಬ ಹೆಂಡತಿಯ ಸೆರಗಿನ ತುದಿ ಹಿಡಿದುಕೊಂಡ. ಬಲಗೈ ಅಷ್ಟರಮಟ್ಟಿಗೆ ಗಟ್ಟಿ ಇತ್ತು.

“ನಾ ಎತ್ತತೇನ್ರಿ ಭಾವಾರ. ಎತ್ತೂದು ಆಗದ ದಿನಾ ನೀವ ಒಯ್ರಿ,” ಎಂದಳು ತುಳಸವ್ವ. ಭಾವುಸಾಹೇಬ ಆ ಮಾತನ್ನು ಗಂಟು ಹಾಕಿಕೊಂಡು ಹೋದ.

ಇಷ್ಟಕ್ಕೇ ನಿಂತಿದ್ದರೆ ಚಿಂತೆ ಇರಲಿಲ್ಲ. ಆದರೆ ಅವರ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ರೂಢಿ. ದೇವರು ತನಗೆ ಮಾಡಿದ್ದನ್ನು ಎದ್ದು ನಿಂತು ನಾಲ್ಕು ಮಂದಿಯ ಎದುರು ಹೇಳಬೇಕು. ಕೆಮ್ಮು ವಾಸಿಯಾದವರು, ಕಳೆದ ಎಮ್ಮೆ ಸಿಕ್ಕವರು ಹೇಳಿ ಮುಗಿಸಿದ ಮೇಲೆ ತುಳಸವ್ವ ಎದ್ದಳು. “ನನ್ನ ಮಾಲಕರ್ನ ದಿನಾ ನಾನ ಒಬ್ಬಾಕಿ ಎತ್ತತೇನಿ. ಮಂದಿ ಆಸರಾ ಬೇಡಿಲ್ಲ. ದೇವರು ಈ ತೋಳಿಗೆ ಬಲಾ ಕೊಟ್ಟಾನ,” ಎಂದು ಕಡ್ಡಿಯಂಥ ತೋಳು ಮೇಲೆತ್ತಿ ತೋರಿಸಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಪಾದ್ರಿಗಳು ಮುಂದಿನ ಎರಡು ಉಪದೇಶಗಳಲ್ಲಿ ಆ ತೋಳನ್ನು ಬಳಸಿಕೊಂಡರು.

ಸಾಕ್ಷಿ ಹೇಳಿದ ಮೇಲೆ ನೆರವು ಕೇಳುವುದು ಹೇಗೆ? ವಾರಕ್ಕೊಮ್ಮೆ ಹಿರಿಯ ಶಿಷ್ಯ ಜ್ಞಾನದೇವ ಹಾಲಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದು, “ವೈನಿ, ಏನರ ಕೆಲಸಾ?” ಎಂದು ಕೇಳುತ್ತಿದ್ದ. ಮೊದಲು ಗಂಡನ ಆಣೆಗಾಗಿ ಬೇಡ ಎನ್ನುತ್ತಿದ್ದಳು, ಈಗ ತನ್ನ ಸಾಕ್ಷಿಗಾಗಿಯೂ ಬೇಡ ಎಂದಳು. ತಂಬಿಗೆ ಒಳಗೆ ಬರುತ್ತಿತ್ತು, ಜ್ಞಾನದೇವ ಬರುತ್ತಿರಲಿಲ್ಲ. ಇತ್ತ ಆಕೆಯ ಸೊಂಟದಲ್ಲಿ ಒಂದು ಚಳಕು ಶುರುವಾಗಿತ್ತು. ಅದನ್ನು ದೇವರಿಗೂ ಹೇಳಲಿಲ್ಲ, ಅವನಿಗೆ ಗೊತ್ತಿರಬಹುದು ಎಂದುಕೊಂಡಳು.

ಈಸ್ಟರ್ ಮುಗಿದ ವಾರ ಭಾವುಸಾಹೇಬ ಹೇಳದೆ ಕೇಳದೆ ಬೆಳಿಗ್ಗೆ ಬಂದಿಳಿದ. ಓಣಿಯ ಬಾಯಲ್ಲಿ ಬಾಡಿಗೆಯ ಟೆಂಪೋ ನಿಲ್ಲಿಸಿದ್ದ.

“ಎತ್ತವಾ, ನೋಡೂಣು,” ಎಂದು ಬೀಡಿ ಎಲೆಯ ಮೊರ ಸರಿಸಿ ಕೂತ.

ತುಳಸವ್ವ ಎದೆಗೆ ಎದೆ ಹಚ್ಚಿದಳು, ಮೊಣಕಾಲು ಒತ್ತಿದಳು, ಉಸಿರು ಹಿಡಿದಳು. “ಸ್ವಾಮಿ, ಇವತ್ತಿಂದು ಕೊಡು,” ಎಂದು ಎತ್ತಿದಳು. ಪೈಲ್ವಾನ ಹೊರಸಿನಿಂದ ಎದ್ದ. ಕುರ್ಚಿಗೆ ಇನ್ನೊಂದು ಗೇಣು ಇರುವಾಗ ಸೊಂಟದ ಚಳಕು ಹಿಡಿಯಿತು. ಇಬ್ಬರೂ ನೆಲಕ್ಕೆ ಬಿದ್ದರು. ಆಬಾಸಾಹೇಬ ಅಂಗಾತ ಬಿದ್ದ, ಅವನ ಎದೆಯ ಮೇಲೆ ತುಳಸವ್ವ. ಕುಸ್ತಿಯ ನಿಯಮದ ಪ್ರಕಾರ ಗೆದ್ದವಳು ಆಕೆಯೇ.

“ಪೆಟ್ಟಾತೇನು?” ಎಂದ ಗಂಡ.

“ನನಗಿಲ್ಲರಿ. ನಿಮಗ?”

“ಇಲ್ಲ.”

ಭಾವುಸಾಹೇಬ ಎದ್ದ. ಅವನ ಕಣ್ಣು ಒದ್ದೆಯಾಗಿತ್ತು. “ಸಾಕು ಮಾಡವಾ ಇನ್ನ. ಟೆಂಪೋದಾಂವನ್ನ ಕರಕೊಂಡು ಬರತೇನಿ,” ಎಂದು ಹೊರಗೆ ನಡೆದ.

ತುಳಸವ್ವ ಮತ್ತೊಮ್ಮೆ ಗಂಡನ ಕಂಕುಳಿಗೆ ಕೈ ಹಾಕಿದಳು. ಅವನು ಅಲುಗಲಿಲ್ಲ. ಆಗ ಆಕೆಗೆ ಸಿಟ್ಟು ಬಂತು. ಗಂಡನ ಮೇಲಲ್ಲ, ಮೈದಡವಿ ಬೆಳೆಸಿದ ದೇವರ ಮೇಲೆಯೇ ಬಂತು. “ಎಲ್ಲಿ ಹ್ವಾದಿ ನೀ? ನಾಕು ಮಂದ್ಯಾಗ ನಿನ್ನ ಹೆಸರು ಹೇಳೇನಿ. ದಿನಾ ಕೊಟ್ಟು ಇವತ್ತ ಯಾಕ ಕೈ ಬಿಟ್ಟಿ?” ಎಂದು ಗಟ್ಟಿಯಾಗಿ ಕೇಳಿ, ಉತ್ತರಕ್ಕೆ ಕಾಯುವವಳಂತೆ ಸುಮ್ಮನೆ ಕೂತಳು.

ಮನೆ ಸುಮ್ಮನಾದಾಗ ಹಿಂದಿನ ಗೋಡೆಯಾಚೆಯ ಸದ್ದು ಕೇಳಿಸಿತು. ದಿನಾಲೂ ಅದೇ ಹೊತ್ತಿಗೆ ಕೇಳುವ ಸದ್ದೇ. ತಾಲೀಮಿನಲ್ಲಿ ಪೈಲ್ವಾನರು ತೊಡೆ ತಟ್ಟುತ್ತಿದ್ದರು, ಹುಂಕರಿಸುತ್ತಿದ್ದರು, ಒಬ್ಬರನ್ನೊಬ್ಬರು ಕಾರಣವಿಲ್ಲದೆ ಎತ್ತಿ ಎತ್ತಿ ಒಗೆಯುತ್ತಿದ್ದರು. ತುಳಸವ್ವ ಗೋಡೆ ನೋಡಿದಳು. ತನ್ನ ತೋಳು ನೋಡಿಕೊಂಡಳು. ಮುಖಕ್ಕೆ ರಕ್ತ ಏರಿತು, ನಾಚಿಕೆಗೆ.

“ನಾ ಅವರ್ನ ಕರಿತೇನ್ರಿ,” ಎಂದಳು.

ಆಬಾಸಾಹೇಬ ಕಣ್ಣು ಮುಚ್ಚಿಕೊಂಡ. ಟೆಂಪೋ ಬಾಗಿಲು ತೆರೆದ ಸದ್ದು ಅವನಿಗೂ ಕೇಳಿಸಿತ್ತು. “ಮಾರಿ ಮ್ಯಾಲ ಒಂದು ಅರಬಿ ಹಾಕು,” ಎಂದ ಮೆಲ್ಲಗೆ.

ಆಕೆ ಅರಿವೆ ಹಾಕಲಿಲ್ಲ. ಗೋಡೆಗೆ ಮುಷ್ಟಿಯಿಂದ ಗುದ್ದಿ, “ಜ್ಞಾನದೇವಾ! ಬರ್ರ್ಯೋ!” ಎಂದು ಕೂಗಿದಳು.

ನಾಲ್ವರು ಲಂಗೋಟಿಯಲ್ಲೇ ಮಣ್ಣು ಮೆತ್ತಿಕೊಂಡು ಓಡಿ ಬಂದರು. ಹೊಸ್ತಿಲಿಗೆ ಬಂದವರೇ ನಿಂತುಬಿಟ್ಟರು. ವಸ್ತಾದ ಅಂಗಾತ ಬಿದ್ದಿದ್ದ. ಜ್ಞಾನದೇವ ಬಗ್ಗಿ ಹೊಸ್ತಿಲು ಮುಟ್ಟಿ ಹಣೆಗೆ ಕೈ ಹಚ್ಚಿಕೊಂಡ, ತಾಲೀಮಿಗೆ ಇಳಿಯುವಾಗ ಮಾಡುವ ಹಾಗೆ. ಒಳಗೆ ಬಂದು ಗುರುವಿನ ಪಕ್ಕದ ನೆಲದ ಮೇಲೆ ತಾನೂ ಬೆನ್ನು ಹಚ್ಚಿ ಮಲಗಿದ.

“ನಾನೂ ಚಿತ್ ರೀ ವಸ್ತಾದರ,” ಎಂದ ಜಂತಿ ನೋಡುತ್ತ.

ಉಳಿದ ಮೂವರಿಗೂ ಅದು ಸರಿ ಕಂಡಿತು. ಸಿಕ್ಕ ಜಾಗದಲ್ಲಿ ಮಲಗಿದರು. ಟೆಂಪೋದವನನ್ನು ಕರೆದುಕೊಂಡು ಭಾವುಸಾಹೇಬ ಬಾಗಿಲಿಗೆ ಬಂದಾಗ ಮನೆ ತುಂಬ ಪೈಲ್ವಾನರು ಅಂಗಾತ ಮಲಗಿದ್ದರು, ನಡುವೆ ಅವನ ತಮ್ಮನ ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು.

“ಏಳ್ರ್ಯೋ ಕತ್ತೆಗಳ್ರ್ಯಾ,” ಎಂದ ಆಬಾಸಾಹೇಬ. “ಬೀಡಿ ಎಲಿ ಹಾಳಾಗಾಕತ್ತಾವು.”

ಅವರು ಎದ್ದು ಅವನನ್ನು ಹೂವಿನಂತೆ ಕುರ್ಚಿಗೆ ಎತ್ತಿಟ್ಟರು. ಭಾವುಸಾಹೇಬ ಟೆಂಪೋದವನನ್ನು ಕಳಿಸಿ, ಒಳಗೆ ಬಂದು ಚಹಾ ಕೇಳಿದ.

ಮುಂದಿನ ಸಾಕ್ಷಿಯ ಭಾನುವಾರ ತುಳಸವ್ವ ಮತ್ತೆ ಎದ್ದಳು. “ಹ್ವಾದ ಸಲ ತಪ್ಪು ಹೇಳಿದ್ನಿರಿ,” ಎಂದಳು. “ದೇವರು ಬಲಾ ಕೊಟ್ಟಿದ್ದು ಖರೆ. ಎಲ್ಲಾ ನನ್ನ ತೋಳಾಗ ಇಟ್ಟಿರಲಿಲ್ಲ. ಗ್ವಾಡಿ ಆಚೆ ಇಟ್ಟಿದ್ದ, ನಾನ ಕರದಿರಲಿಲ್ಲ.” ಈ ಸಲ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಆಕೆ ಕೂತಳು.

ಈಗ ದಿನಾ ಬೆಳಿಗ್ಗೆ ಎತ್ತಲು ಬರುತ್ತಿದ್ದ ತಾಲೀಮಿನವರು ಮಾರನೆಯ ದಿನ ಬರುವುದು ಕೊಂಚ ತಡವಾಯಿತು. ತುಳಸವ್ವ ರೂಢಿಯಂತೆ ಹೊರಸಿನ ಬಳಿ ನಿಂತು ಕಣ್ಣು ಮುಚ್ಚಿದಳು.

“ತಡಿ,” ಎಂದ ಆಬಾಸಾಹೇಬ. “ಇವತ್ತ ನಾ ಕೇಳತೇನಿ.”

ತುಳಸವ್ವ ಕಣ್ಣು ತೆರೆಯಲಿಲ್ಲ. ತೆರೆದರೆ ಅವನು ನಿಲ್ಲಿಸಿಬಿಟ್ಟಾನು ಎಂದು ಹೆದರಿದಳು. ಲಕ್ವ ಹೊಡೆದಂದಿನಿಂದ ದೇವರೊಡನೆ ಮಾತು ಬಿಟ್ಟಿದ್ದ ಮನುಷ್ಯ ಗಂಟಲು ಸರಿಮಾಡಿಕೊಂಡ.

“ಸ್ವಾಮಿ,” ಎಂದ. “ಹುಡುಗರು ಇನ್ನಾ ಬಂದಿಲ್ಲ. ಲಗೂ ಕಳಸು.”