ರೆಕ್ಕೆ ರಿಪೇರಿಯ ನಮ್ಮತ್ತೆ

ಹೊಸ ಸೊಸೆ ಮನೆಗೆ ಬಂದರೆ ಅತ್ತೆಯಂದಿರು ಅವಳ ಮುಖ ನೋಡುತ್ತಾರೆ, ನಡೆ ನೋಡುತ್ತಾರೆ, ಮಾತು ನೋಡುತ್ತಾರೆ. ನಮ್ಮತ್ತೆ ನಾನು ತೊಳೆದಿಟ್ಟ ಪಾತ್ರೆ ನೋಡಿದರು. ನೋಡಿದರು ಅನ್ನುವುದೂ ತಪ್ಪು. ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಅದರ ಒಳಮೈ ಸವರಿದರು, ಒಂದು ಕಡೆ ಕೈ ನಿಲ್ಲಿಸಿದರು, "ಇಲ್ಲಿ ಜಿಡ್ಡಿದೆ" ಅಂದು ನನ್ನ ಕೈಗೇ ವಾಪಸ್ ಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಜೊತೆ ಬಾಳುವುದು ಹೇಗಪ್ಪಾ ಎಂದು ಅವರ ಮಗನ ಮುಂದೆ ಅವತ್ತೇ ಕೂಗಾಡಿದೆ. ಅವನು ನಕ್ಕುಬಿಟ್ಟ. "ಬೇಜಾರು ಮಾಡ್ಕೋಬೇಡ, ಅಮ್ಮ ದೋಣೀನೂ ಹಾಗೇ ನೋಡೋದು" ಅಂದ.

ದೋಣಿ ರಿಪೇರಿ ನಮ್ಮತ್ತೆಯ ಕಸುಬು. ಬಂದರಿನ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್. ಮರದ ದೋಣಿಗಳ ಕಾಲ ಮುಗಿದು ಫೈಬರ್ ದೋಣಿಗಳು ಬಂದಾಗ ಮಾವ ಹಾಕಿದ್ದು. ಆದರೆ ಅಂಟಿನ ಘಾಟು ಅವರ ಎದೆಗೆ ಒಗ್ಗಲಿಲ್ಲ, ಕೆಮ್ಮು ಬಿಡಲಿಲ್ಲ. ಶೆಡ್ ಮುಚ್ಚುವ ಮಾತು ಬಂದಾಗ ಅತ್ತೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಶೆಡ್ಡಿಗೆ ಹೋದರು, ಮಾವ ಅಡುಗೆಮನೆಗೆ ಬಂದರು. ಇಬ್ಬರೂ ಆಮೇಲೆ ಜಾಗ ಬದಲಾಯಿಸಲಿಲ್ಲ. ಮಾವನ ಕೈ ರುಚಿ ತಿಂದವರು ಹೇಳುತ್ತಾರೆ, ಆ ಕೆಮ್ಮು ಬಂದಿದ್ದೇ ಒಳ್ಳೆಯದಾಯಿತು ಅಂತ.

ದೋಣಿಯ ತಳದ ಬಿರುಕಿಗೆ ಅತ್ತೆ ಬಿರುಕು ಅನ್ನುವುದಿಲ್ಲ, ಗಾಯ ಅನ್ನುತ್ತಾರೆ. ಗಾಯದ ಸುತ್ತ ಉಜ್ಜಿ ಗಟ್ಟಿ ಜಾಗ ಸಿಗುವವರೆಗೂ ಕೆರೆಯುವುದು, ಫೈಬರ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಅಂಟು ಕುಡಿಸುವುದು, ಒಳಗೆ ಸಿಕ್ಕ ಗಾಳಿಗುಳ್ಳೆಗಳನ್ನು ರೋಲರ್‌ನಿಂದ ಹೊರಗೆ ತಳ್ಳುವುದು, ಒಣಗಿದ ಮೇಲೆ ಉಜ್ಜಿ ಉಜ್ಜಿ ಹಳೆಯದಕ್ಕೂ ಹೊಸದಕ್ಕೂ ಅಂಗೈಗೆ ವ್ಯತ್ಯಾಸ ತಿಳಿಯದಂತೆ ಮಾಡುವುದು. "ಗಾಯ ಒಳಗಿಂದ ಮಾಯಬೇಕು, ಮೇಲೆ ಬಣ್ಣ ಬಳಿದು ಕಳಿಸೋದು ಮೋಸ" ಅನ್ನುತ್ತಾರೆ. ಅವರ ಶೆಡ್ಡಿನಿಂದ ಹೋದ ದೋಣಿ ಅದೇ ಗಾಯಕ್ಕೆ ಮತ್ತೆ ಬಂದದ್ದನ್ನು ಯಾರೂ ನೋಡಿಲ್ಲ.

ಊರ ಹಿಂದಿನ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಎದ್ದಾಗ ಜನ ಬಾಯಿಗೆ ಬಂದದ್ದು ಮಾತಾಡಿದರು. ಗಾಳಿಯನ್ನೆಲ್ಲ ಅವೇ ನುಂಗಿಬಿಟ್ಟರೆ ಬಟ್ಟೆ ಒಣಗುವುದು ಹೇಗೆ ಎಂದು ನಮ್ಮ ಬೀದಿಯ ಇಸ್ತ್ರಿ ಅಂಗಡಿಯವನು ನಿಜವಾಗಿಯೂ ತಲೆ ಕೆಡಿಸಿಕೊಂಡಿದ್ದ. ಬಟ್ಟೆ ಒಣಗುತ್ತಲೇ ಇತ್ತು, ಅವನ ಇಸ್ತ್ರಿಪೆಟ್ಟಿಗೆಗೆ ಕರೆಂಟೂ ಸರಿಯಾಗಿ ಬರತೊಡಗಿತು, ಅವನು ಸುಮ್ಮನಾದ. ಒಂದು ಮಳೆಗಾಲ ಸಿಡಿಲು ಬಡಿದು ಯಂತ್ರವೊಂದರ ರೆಕ್ಕೆಯ ತುದಿ ಸೀಳಿತು. ಕಂಪನಿಯವರು ಅದಕ್ಕೆ ಬ್ಲೇಡ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಅವತ್ತಿನಿಂದಲೂ ರೆಕ್ಕೆ. ರೆಕ್ಕೆಯೂ ಫೈಬರ್, ದೋಣಿಯೂ ಫೈಬರ್. ಯಾರೋ ಹೇಳಿದರೆಂದು ಕಂಪನಿಯ ಎಂಜಿನಿಯರ್ ಹೆಂಗಸೊಬ್ಬಳು ಶೆಡ್ಡಿಗೆ ಬಂದು, ಇದು ನಿಮ್ಮ ಕೈಲಾಗುತ್ತದೆಯೇ ಎಂದು ಕೇಳಿದಳು. ಅತ್ತೆ ಕೈ ಒರೆಸಿಕೊಂಡು ಅವಳ ಜೀಪು ಹತ್ತಿದರು.

ದೋಣಿ ಕಲಿತವರಿಗೆ ರೆಕ್ಕೆ ತಾನಾಗಿ ಬರುವುದಿಲ್ಲ. ರೆಕ್ಕೆ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಅದರ ಅಂಚು ಕೂದಲೆಳೆಯಷ್ಟು ದಪ್ಪಗಾದರೂ ಗಾಳಿ ಅದರ ಮೇಲೆ ಸರಾಗವಾಗಿ ಜಾರುವುದಿಲ್ಲ. ಅದನ್ನೆಲ್ಲ ಆ ಎಂಜಿನಿಯರ್ ಹೇಳಿಕೊಟ್ಟಳು, ಅತ್ತೆ ಮನಸ್ಸಿಟ್ಟು ಕಲಿತರು. ಕೆಳಗಿಳಿಸಿದ ರೆಕ್ಕೆಗಳ ಕೆಲಸದಿಂದ ಶುರುವಾದದ್ದು, ಮೇಲಿದ್ದ ಹಾಗೇ ಹಗ್ಗದಲ್ಲಿ ನೇತಾಡಿ ಮಾಡುವ ಕೆಲಸದವರೆಗೂ ಹೋಯಿತು. ನನ್ನ ಮದುವೆಯಾದ ಹೊಸತರಲ್ಲಿ ಗಂಡ ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದ. ನಿಂತ ರೆಕ್ಕೆಯ ಪಕ್ಕ ಒಂದು ಕೆಂಪು ಚುಕ್ಕೆ ಮೆಲ್ಲಗೆ ಅಲುಗಾಡುತ್ತಿತ್ತು. "ಅಮ್ಮ" ಅಂದ. ನೆಲದ ಮೇಲೆ ನಿಂತಿದ್ದ ನಾನು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ಸಂಜೆ ಅವರು ನನ್ನ ಪಾತ್ರೆಯಲ್ಲಿ ಜಿಡ್ಡು ಕಂಡುಹಿಡಿದಾಗ ನಾನು ಸದ್ದಿಲ್ಲದೆ ಇನ್ನೊಂದು ಸಲ ಉಜ್ಜಿದೆ.

ಆಮೇಲೆ ಸಮುದ್ರದ ಸರದಿ. ದಡದಿಂದ ದೂರದಲ್ಲಿ ಗಾಳಿ ಇನ್ನೂ ಜೋರು, ಇನ್ನೂ ಸಮ. ಅಲ್ಲಿ ನೀರಿನಲ್ಲೇ ಕಂಬ ನೆಟ್ಟು ಗುಡ್ಡದವಕ್ಕಿಂತ ದೊಡ್ಡ ಯಂತ್ರ ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂತು. ಬಲೆ ಬೀಸುವುದೆಲ್ಲಿ ಎಂದು ಮೀನುಗಾರರು ಜಗಳಕ್ಕೆ ನಿಂತರು, ಕೂತು ಮಾತಾಡಿ ದೋಣಿ ಓಡಾಡುವ ದಾರಿ ಗುರುತು ಮಾಡಿಸಿಕೊಂಡರು. ಬಂದರಿಗೆ ಹಡಗು ನಿಲ್ಲುವ ಹೊಸ ಕಟ್ಟೆ ಬಂತು. ಹಡಗಿನಿಂದ ಇಳಿದ ಒಂದೊಂದು ರೆಕ್ಕೆಯೂ ನಮ್ಮ ಬೀದಿಗಿಂತ ಉದ್ದ. ಅವನ್ನು ನೋಡಿಕೊಳ್ಳುವುದಕ್ಕೆ ಒಂದು ರಿಪೇರಿ ತಂಡ ಬೇಕು, ಅದರ ಮೇಸ್ತ್ರಿ ನೀವೇ ಆಗಬೇಕು ಎಂದು ಕಂಪನಿಯವರು ಅತ್ತೆಯನ್ನು ಕೇಳಿದರು. ಶೆಡ್ಡಿನಲ್ಲಿ ಅವರ ಕೈಕೆಳಗೆ ಕೆಲಸ ಕಲಿತ ಹುಡುಗಿಯರೇ ಆ ತಂಡ. ಅತ್ತೆ ಅವತ್ತು ಮನೆಗೆ ಬಂದದ್ದೇ ಒಂದು ರೀತಿ. ಚಪ್ಪಲಿ ಬಿಡುವುದನ್ನೂ ಮರೆತಿದ್ದರು.

ಒಂದೇ ಒಂದು ಷರತ್ತಿತ್ತು. ಸಮುದ್ರಕ್ಕೆ ಹೋಗುವವರೆಲ್ಲ ನೀರಿನ ಪರೀಕ್ಷೆ ಪಾಸಾಗಬೇಕು. ಲೈಫ್ ಜಾಕೆಟ್ ತೊಟ್ಟು ಎತ್ತರದ ಕಟ್ಟೆಯಿಂದ ಆಳದ ಕೊಳಕ್ಕೆ ಹಾರಬೇಕು, ಗಾಳಿ ತುಂಬಿದ ತೆಪ್ಪದವರೆಗೆ ಈಜಿ ಹತ್ತಬೇಕು, ಇನ್ನೊಬ್ಬರನ್ನು ಎಳೆದು ಹತ್ತಿಸಬೇಕು. ಹುಡುಗಿಯರೆಲ್ಲ ಹಾರಿದರು. ತರಬೇತುದಾರ ಸೀಟಿ ಹೊಡೆದಾಗ ಅತ್ತೆ ಕಟ್ಟೆಯ ಕಂಬಿ ಹಿಡಿದುಕೊಂಡು "ಸ್ವಲ್ಪ ಇರಿ" ಅಂದರು. ಇನ್ನೊಮ್ಮೆ ಸೀಟಿ ಹೊಡೆದಾಗಲೂ "ಸ್ವಲ್ಪ ಇರಿ." ಕೊನೆಗೆ ಬಂದ ಮೆಟ್ಟಿಲಲ್ಲೇ ಇಳಿದುಬಿಟ್ಟರು. ಮುಂದಿನ ತಿಂಗಳು ಇನ್ನೊಂದು ಅವಕಾಶ, ಅದೂ ಆಗದಿದ್ದರೆ ಮೇಸ್ತ್ರಿ ಹೊರಗಿನಿಂದ ಬರುತ್ತಾರೆ ಎಂದು ಕಂಪನಿಯವರು ತಿಳಿಸಿದರು.

ಊಟಕ್ಕೆ ಕೂತಾಗ ಮಾವ ತಮಾಷೆ ಮಾಡಿದರು. "ಅಲ್ವೇ, ಆಕಾಶದಲ್ಲಿ ನೇತಾಡೋಳಿಗೆ ನೀರು ಕಂಡ್ರೆ ಭಯವೇ?"

ಅತ್ತೆ ನಗಲಿಲ್ಲ. "ಹಗ್ಗನ ಮುಟ್ಟಿ ನೋಡಿ ನಂಬ್ತೀನಿ ರೀ. ನೀರನ್ನ ಏನಂತ ಮುಟ್ಟಿ ನೋಡ್ಲಿ? ಮುಟ್ಟಿದ್ರೆ ಕೈ ಒಳಗೇ ಹೋಗುತ್ತೆ" ಅಂದರು. ಆಮೇಲೆ ತಟ್ಟೆಯನ್ನೇ ನೋಡುತ್ತಾ, "ನಾನು ರಿಪೇರಿ ಮಾಡಿದ ದೋಣಿಗಳೆಲ್ಲ ಸಮುದ್ರ ನೋಡ್ಕೊಂಡು ಬಂದ್ವು. ನಾನೊಬ್ಬಳೇ ದಡದಲ್ಲಿ ಉಳಿದೆ" ಅಂದರು.

ಅವರು ಯಾವುದಕ್ಕೂ ಆಸೆಪಟ್ಟದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಮಾಡುವ ಕೆಲಸವಾದರೂ ಏನು? ನಗರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು. "ಅತ್ತೆ, ನಾಳೆ ಬೆಳಿಗ್ಗೆ ನನ್ನ ಜೊತೆ ಬನ್ನಿ" ಅಂದೆ.

ಬಂದರು. ಸೊಂಟದವರೆಗಿನ ನೀರಿನಲ್ಲಿ ನಿಂತು ಕಂಬಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡರು.

"ಕೈ ಬಿಡಿ ಅತ್ತೆ."

"ನೀನು ನನ್ನ ಕೈ ಬಿಡ್ತೀಯೇನೇ?"

"ಅಯ್ಯೋ, ನಾನು ಕೈ ಬಿಡಲ್ಲ, ನೀವು ಕಂಬಿ ಬಿಡಿ!"

"ಮೊದ್ಲು ಹಾಗೇ ಹೇಳೋದು, ಆಮೇಲೆ ಕೈ ಕೊಡೋದು. ನಿನ್ನ ಮಾವ ಅಡುಗೆಗೆ ಸಹಾಯ ಮಾಡ್ತೀನಿ ಅಂತ ಹೇಳಿ ಇಡೀ ಅಡುಗೆಮನೇನೇ ಕಿತ್ಕೊಂಡ್ರು."

ಪಕ್ಕದಲ್ಲಿ ಮಕ್ಕಳನ್ನು ಈಜಿಗೆ ಕರೆತಂದಿದ್ದ ತಾಯಂದಿರೆಲ್ಲ ಬಿದ್ದು ಬಿದ್ದು ನಕ್ಕರು. ದಿನಾ ಇದೇ ಆಯಿತು. ನನಗೆ ತಾಳ್ಮೆ ಅನ್ನುವುದು ಮೊದಲೇ ಕಡಿಮೆ. ಮಕ್ಕಳಿಗೆ ಮಾಡುವ ಉಪಾಯವನ್ನೆಲ್ಲ ಮಾಡಿ ಸೋತೆ. ಒಂದು ದಿನ ರೇಗಿ, "ಬೇಡ ಬಿಡಿ, ಮನೆಗೆ ಹೋಗಿ ಪಾತ್ರೆನಾದ್ರೂ ಸವರಿ" ಎಂದು ಬೈದೇಬಿಟ್ಟೆ.

ಬೈದ ಮೇಲೆ ಹೊಳೆಯಿತು. ಅವರ ಬಲಗೈಯನ್ನು ಕಂಬಿಯಿಂದ ಬಿಡಿಸಿ ನೀರಿನ ಮೇಲೆ ಚಪ್ಪಟೆಯಾಗಿ ಇಡಿಸಿದೆ. "ಕಣ್ಣು ಮುಚ್ಚಿ. ಮೆಲ್ಲಗೆ ಒತ್ತಿದ್ರೆ ಒಳಗೆ ಹೋಗುತ್ತೆ, ಸರಿ. ಈಗ ಜೋರಾಗಿ ಕೆಳಗೆ ತಳ್ಳಿ ನೋಡಿ."

ತಳ್ಳಿದರು. ಮತ್ತೆ ತಳ್ಳಿದರು. ಹುಬ್ಬು ಮೇಲೇರಿತು.

"ಇದು ತಡೆಯುತ್ತೆ ಕಣೆ!"

"ತಡೆಯುತ್ತೆ ಅತ್ತೆ. ನಿಮ್ಮ ಭಾರಾನೂ ತಡೆಯುತ್ತೆ."

ಇನ್ನೊಂದು ಕೈಯೂ ತಾನಾಗಿಯೇ ಕಂಬಿ ಬಿಟ್ಟಿತು. ಎರಡು ಅಂಗೈಯಿಂದಲೂ ನೀರನ್ನು ಒತ್ತುತ್ತಾ, ಸವರುತ್ತಾ, ಅದರಲ್ಲಿ ಏನೋ ಹುಡುಕುವವರ ಹಾಗೆ ಕೊಳದ ನಡುವಿನವರೆಗೂ ನಡೆದರು. ಅಲ್ಲಿಂದ ಮುಂದೆ ಅವರಿಗೆ ಕಲಿಸುವುದು ಕಷ್ಟವಾಗಲಿಲ್ಲ, ಅವರನ್ನು ಹೊರಗೆ ಕರೆಯುವುದು ಕಷ್ಟವಾಯಿತು.

ಆದರೆ ಆಳವಿಲ್ಲದ ಕೊಳ ಬೇರೆ, ಆ ಕಟ್ಟೆ ಬೇರೆ. ಪರೀಕ್ಷೆಯ ದಿನ ಮಾವ, ಗಂಡ, ನಾನು ಕೊಳದ ಮೇಲಿನ ಗ್ಯಾಲರಿಯಲ್ಲಿ ನಿಂತಿದ್ದೆವು. ಹುಡುಗಿಯರೂ ಬಂದಿದ್ದರು. ಅತ್ತೆ ಕಟ್ಟೆ ಹತ್ತಿ ಅಂಚಿಗೆ ಬಂದರು. ಕಿತ್ತಳೆ ಬಣ್ಣದ ಸೂಟಿನಲ್ಲಿ ಚಿಕ್ಕವರಾಗಿ ಕಂಡರು. ತರಬೇತುದಾರ ಸೀಟಿ ಹೊಡೆದ. ಅತ್ತೆ ಅಲುಗಲಿಲ್ಲ. ಮಾವ ನನ್ನ ಮುಂಗೈ ಹಿಡಿದ ಹಿಡಿತಕ್ಕೆ ಬಳೆ ಒಡೆಯುವ ಹಾಗಿತ್ತು. ಅತ್ತೆಯ ಬಾಯಿಂದ ಆ "ಸ್ವಲ್ಪ ಇರಿ" ಬರುತ್ತದೆಂದು ನಾನು ಉಸಿರು ಬಿಗಿಹಿಡಿದೆ. ಬರಲಿಲ್ಲ. ಒಂದು ಕೈಯಿಂದ ಮೂಗು ಹಿಡಿದರು, ಇನ್ನೊಂದರಿಂದ ಜಾಕೆಟ್ ಅದುಮಿದರು, ಒಂದು ಹೆಜ್ಜೆ ಮುಂದೆ ಇಟ್ಟರು. ಅಷ್ಟೇ. ದೊಡ್ಡ ಸದ್ದು, ಬಿಳಿ ನೊರೆ, ನೊರೆಯ ನಡುವಿನಿಂದ ಅವರ ಮುಖ.

ತೆಪ್ಪದವರೆಗೆ ಅಂಗಾತ ಈಜಿದರು. ಹತ್ತುವಾಗ ಒಮ್ಮೆ ಜಾರಿದರು, ಯಾರ ಕೈಯನ್ನೂ ಕಾಯದೆ ಮತ್ತೆ ಹತ್ತಿದರು. ಪರೀಕ್ಷೆಗೆ ಬಂದಿದ್ದ, ತಮ್ಮ ಒಂದೂವರೆಯಷ್ಟಿದ್ದ ಗಂಡಸೊಬ್ಬನನ್ನು ಜಾಕೆಟ್ಟಿನ ಪಟ್ಟಿ ಹಿಡಿದು, "ನೀನೂ ಸ್ವಲ್ಪ ಒದಿಯೋ, ಎಲ್ಲಾ ನಾನೇ ಎಳೀಬೇಕಾ?" ಎಂದು ಗದರಿ ಒಳಗೆ ಎಳೆದು ಹಾಕಿದರು. ಹುಡುಗಿಯರು ಕಿರುಚಿದ ಕಿರುಚಾಟಕ್ಕೆ ಛಾವಣಿಯೇ ಹಾರಿಹೋಗಬೇಕಿತ್ತು.

ಎಲ್ಲರೂ ನೀರಿನಿಂದ ಹೊರಬಂದ ಮೇಲೆ ತರಬೇತುದಾರ ಜೋರಾಗಿ ಹೇಳಿದ: "ಮೇಸ್ತ್ರಿ, ಪಾಸು! ಸೋಮವಾರ ಬೆಳಿಗ್ಗೆ ನಿಮ್ಮ ತಂಡದ ದೋಣಿ ಹೊರಡುತ್ತೆ." ಉಳಿದವರು ಟವೆಲ್ ಸುತ್ತಿಕೊಂಡು ಬಟ್ಟೆ ಬದಲಿಸಲು ನಡೆದರು. ಅತ್ತೆ ನಡೆಯಲಿಲ್ಲ. ಅವನ ಹತ್ತಿರ ಹೋಗಿ ಏನೋ ಕೇಳಿದರು. ಅವನು ನಕ್ಕು ಆಗಲಿ ಎನ್ನುವಂತೆ ತಲೆಯಾಡಿಸಿದ. ಅತ್ತೆ ತಿರುಗಿ ಕಟ್ಟೆಯ ಮೆಟ್ಟಿಲು ಹತ್ತತೊಡಗಿದರು.

"ಮತ್ತೆ ಯಾಕೆ ಹತ್ತಿಸ್ತಿದ್ದಾರೆ? ಪಾಸು ಅಂದ್ರಲ್ಲ?" ಎಂದು ನನ್ನ ಗಂಡ ಗಾಬರಿಯಾದ.

"ಯಾರೂ ಹತ್ತಿಸ್ತಿಲ್ಲ, ಸುಮ್ನಿರು" ಅಂದೆ.

ಈ ಸಲ ಸೀಟಿ ಇರಲಿಲ್ಲ. ಅತ್ತೆ ಅಂಚಿಗೆ ಬಂದು ನಿಲ್ಲಲೂ ಇಲ್ಲ, ಬಂದ ಕಾಲಲ್ಲೇ ಹಾರಿದರು.

ಪಕ್ಕದಲ್ಲಿ ನಿಂತಿದ್ದವರೊಬ್ಬರು "ಯಾರಪ್ಪಾ ಅದು?" ಅಂದರು. ಮಾವ ಬಾಯಿ ತೆರೆಯುವ ಮೊದಲೇ, ಇಡೀ ಗ್ಯಾಲರಿಗೆ ಕೇಳುವ ಹಾಗೆ, "ನಮ್ಮತ್ತೆ" ಅಂದೆ.