ಏಳು ಸುತ್ತಿನ ತಿರುಪು

ಮೊನ್ನೆ ಮನೆಗೆ ಸುಣ್ಣ ಬಳಿಸೋಣವೆಂದು ಅಟ್ಟ ಖಾಲಿ ಮಾಡುತ್ತಿದ್ದೆ. ಹಳೆಯ ಪಂಚೆಯಲ್ಲಿ ಸುತ್ತಿದ ಎರಡು ತುಂಡು ಕೋಲು ಸಿಕ್ಕಿತು. ಬಿಚ್ಚಿ, ತುದಿಯ ಹಿತ್ತಾಳೆ ತಿರುಪನ್ನು ಮುಟ್ಟಿದ್ದಷ್ಟೇ, ಅಂಗೈಗೆ ಕಿಲುಬಿನ ವಾಸನೆ ಹತ್ತಿತು. ಸೋಪು ಹಾಕಿ ಎರಡು ಸಲ ತೊಳೆದರೂ ಹೋಗಲಿಲ್ಲ. ಅಲ್ಲಿಗೆ ಅವತ್ತಿನ ಕೆಲಸ ಕೆಟ್ಟಿತು ಅನ್ನಿ.

ಅದು ಸ್ನೂಕರ್ ಆಡುವ ಕೋಲು, ನಮ್ಮಪ್ಪನದು. ಅಪ್ಪ ಮೈಸೂರಿನ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಮಾರ್ಕರ್ ಎಂದರೆ ದೊಡ್ಡ ಮನುಷ್ಯರು ಆಡುವಾಗ ಪಕ್ಕದಲ್ಲಿ ನಿಂತು ಪಾಯಿಂಟು ಬರೆಯುವವರು, ಚೆಂಡು ಎತ್ತಿಡುವವರು, ಕೋಲು ಕೆಟ್ಟರೆ ರಿಪೇರಿ ಮಾಡುವವರು. ನಿವೃತ್ತರಾಗಿ ಪಾಂಡವಪುರಕ್ಕೆ ಹೊರಟಾಗ ಕ್ಲಬ್ಬಿನವರು ಹಾರ ಹಾಕಿ ಈ ಕೋಲು ಕೊಟ್ಟರು. ಅಷ್ಟರಲ್ಲಿ ಅಪ್ಪನ ಕೈ ನಡುಗಲು ಶುರುವಾಗಿತ್ತು, ಆಡಲಿಲ್ಲ. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಎರಡು ತುಂಡನ್ನೂ ಜೋಡಿಸುವರು, ಒರೆಸುವರು, ಮತ್ತೆ ಬಿಚ್ಚಿ ಇಡುವರು. ನಾವೆಲ್ಲ ಅದನ್ನು ಪೂಜೆ ಎಂದು ನಗುತ್ತಿದ್ದೆವು.

ನನ್ನ ಸ್ವಭಾವವನ್ನೂ ಹೇಳಿಬಿಡಬೇಕು. ಕೂತಲ್ಲಿ ಕೂರುವವನಲ್ಲ ನಾನು. ಕೂತರೂ ಕಾಲು ಅಲ್ಲಾಡುತ್ತಲೇ ಇರುತ್ತದೆ. ಹಾಗೆ ಅಲ್ಲಾಡಿಸಿದರೆ ದರಿದ್ರ ಬರುತ್ತದೆಂದು ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಬರುವಷ್ಟು ಬಂದಿದೆ, ಕಾಲು ನಿಂತಿಲ್ಲ. ತೊಂಬತ್ತರ ದಶಕದ ನಡುವೆ ಶ್ರೀರಂಗಪಟ್ಟಣದಲ್ಲಿ ಒಂದೇ ಟೇಬಲ್ಲಿನ ಸ್ನೂಕರ್ ರೂಮು ಶುರುವಾಯಿತು. ಆಫೀಸು ಬಿಟ್ಟರೆ ನಾನು ಅಲ್ಲಿ. ಒಂದು ಸೋಮವಾರ ಅಪ್ಪನನ್ನು ಕೇಳದೆ ಅವರ ಕೋಲನ್ನೇ ಒಯ್ದೆ. ಅವಸರದಲ್ಲಿ ತಿರುಪನ್ನು ಓರೆಯಾಗಿ ಕೂರಿಸಿದೆ. ಬಿಗಿಯಾಗಲಿಲ್ಲವೆಂದು ಇನ್ನೂ ತಿರುಚಿದೆ. ಟಕ್ ಎಂದಿತು. ತಿರುಪು ಮುರಿದು ಅರ್ಧ ಮರದೊಳಗೇ ಉಳಿಯಿತು.

ಭಾನುವಾರಕ್ಕೆ ಆರು ದಿನ. ಇಂಥದ್ದನ್ನು ರಿಪೇರಿ ಮಾಡಬಲ್ಲವರು ನನಗೆ ತಿಳಿದಂತೆ ಜಿಲ್ಲೆಗೆಲ್ಲ ಒಬ್ಬರೇ, ಅವರು ನಮ್ಮ ಜಗಲಿಯಲ್ಲೇ ಕೂತಿದ್ದರು. ಅವರನ್ನು ಕೇಳಬೇಕಾದರೆ ಕದ್ದದ್ದನ್ನು ಒಪ್ಪಿಕೊಳ್ಳಬೇಕು. ಎರಡು ಮಕ್ಕಳ ತಂದೆಯಾಗಿದ್ದೆ, ಆದರೂ ಧೈರ್ಯ ಬರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ, ರಜೆ ಹಾಕಿ ಕೆ.ಆರ್. ಪೇಟೆ ಬಸ್ಸು ಹತ್ತಿದೆ. ಪೇಪರಿನಲ್ಲಿ ಸುತ್ತಿದ ಕೋಲು ನೋಡಿ, ಚಿನಕುರಳಿಯಲ್ಲಿ ಹತ್ತಿದ ಮುದುಕರೊಬ್ಬರು, "ಏನ್ ಸೋಮಿ, ವಾಲಗದವ್ರಾ?" ಎಂದರು. ಹೌದು ಎಂದುಬಿಟ್ಟೆ. ಆಮೇಲೆ ದಾರಿಯುದ್ದಕ್ಕೂ ಯಾರ ಮನೆಯ ಮದುವೆ ಎಂದು ಹೇಳಬೇಕಾಯಿತು.

ಪೇಟೆಯ ಲೇತ್ ಅಂಗಡಿಯವನು ಪಂಪ್‌ಸೆಟ್ ರಿಪೇರಿಯಲ್ಲಿ ಹೆಸರುವಾಸಿ. ಮುರಿದದ್ದನ್ನು ಕೊರೆದು ತೆಗೆದ, ಹೊಸ ತಿರುಪು ಕಡೆದು ಕೂರಿಸಿದ. ಅದು ಕೊಂಚ ಸಡಿಲವಿತ್ತು. ಪೈಪಿನ ಜಾಯಿಂಟಿಗೆ ಸುತ್ತುವ ಸೆಣಬಿನ ನಾರನ್ನೇ ಅದಕ್ಕೂ ಸುತ್ತಿ, ಬಣ್ಣ ಸವರಿ, ಬಿಗಿದು ಕೊಟ್ಟ.

"ತಕ್ಕಳಿ ಸಾ. ಒಂದ್ ತೊಟ್ಟು ನೀರ್ ಸೋರುದ್ರೆ ನನ್ ಕೇಳಿ."

ಭಾನುವಾರ ಅಪ್ಪ ಕೋಲು ತೆಗೆದುಕೊಂಡು ಕೂತರು. ನಾನು ಬಾಗಿಲ ಹಿಂದೆ ನಿಂತೆ. ಅವರು ತಿರುಗಿಸಿದರು, ನಿಲ್ಲಿಸಿದರು, ಬಿಚ್ಚಿ ಮತ್ತೆ ತಿರುಗಿಸಿದರು.

"ಏಳು ಸುತ್ತು ಇತ್ತು. ನಾಕಕ್ಕೇ ನಿಂತ್ಕತದೆ," ಎಂದು ಉಗುರಿನಿಂದ ಒಂದೆಳೆ ನಾರು ಎಳೆದು ತೆಗೆದರು. "ಬಾರ್ಲಾ ಇಲ್ಲಿ. ಯಾವ ಪಂಪ್‌ಸೆಟ್ನೋನ್ ತಾವ ಮಾಡ್ಸ್ಕಂಡ್ ಬಂದೆ?"

ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ.

"ಮುರುದ್ರೆ ಮುರೀಲಿ. ಮನೇಲಿ ನಾನ್ ಇರ್ನಿಲ್ವೇನ್ಲಾ? ಇದೊಂದ್ ಕೆಲ್ಸಕ್ಕೂ ಬ್ಯಾಡ್ವಾಗೋದ್ನಾ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಪ್ಪ ತಮ್ಮ ಟ್ರಂಕಿನಿಂದ ಹಳೆಯ ತಿರುಪೊಂದನ್ನು ಹುಡುಕಿದರು. ಪೇಟೆಯವನ ತಿರುಪನ್ನು ಕಿತ್ತು, ತೂತಿಗೆ ಮರದ ಬೆಣೆ ಬಡಿದು, ಅಂಟು ಒಣಗಲು ಎರಡು ದಿನ ಬಿಟ್ಟರು. ಆ ಎರಡು ದಿನ ನಾನು ಹತ್ತು ಸಲ ಹೋಗಿ ಮುಟ್ಟಿ ನೋಡಿದೆ. ಮೂರನೆಯ ದಿನ ಬೈರಿಗೆ ಹಿಡಿದು ಹೊಸದಾಗಿ ಕೊರೆಯಲು ಕೂತರು. ಕೈ ನಡುಗುತ್ತಿತ್ತು.

"ಕೊಡಪ್ಪ, ನಾನ್ ಇಡ್ಕತೀನಿ."

"ಸುಮ್ಕೆ ಕೂತ್ಕಳ್ಲಾ."

ಕೂತೆ. ಬೈರಿಗೆ ಒಂದು ಅಕ್ಕಿಕಾಳಿನಷ್ಟು ವಾಲಿತು. ನನಗೆ ಕಂಡಿತು. ಇನ್ನೂ ಎರಡು ಸುತ್ತು ಹೋದರೆ ಸರಿಪಡಿಸಲಾಗದು ಎಂದೂ ಗೊತ್ತಿತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ರಿಪೇರಿಯಾದ ಕೋಲನ್ನು ಮಟ್ಟದ ಮೇಜಿನ ಮೇಲೆ ಉರುಳಿಸಿ ನೋಡುವುದು ಅಪ್ಪನ ಪದ್ಧತಿ. ನೇರವಿಲ್ಲದ್ದು ಕುಪ್ಪಳಿಸುತ್ತದೆ. ಅವತ್ತು ಉರುಳಿಸಲಿಲ್ಲ. ನನ್ನ ಕೈಗೆ ಕೊಟ್ಟು "ಎಂಗೈತೆ?" ಎಂದರು.

"ನೇರ ಐತೆ ಕಣಪ್ಪ."

ಕೋಲನ್ನು ಅಪ್ಪ ನನಗೇ ಬಿಟ್ಟುಕೊಟ್ಟರು. ಆ ಓರೆ ಕೋಲಿನಲ್ಲೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಆಡಿದೆ, ಕಂಡಕಂಡವರಿಗೆಲ್ಲ ಸೋತೆ. ಮನೆಗೆ ಬಂದು ಗೆದ್ದೆ ಎನ್ನುತ್ತಿದ್ದೆ. ಅಪ್ಪ ಹೋದ ಮೇಲೆ ಕೋಲು ಅಟ್ಟ ಸೇರಿತು.

ಮೊನ್ನೆ ಅದನ್ನು ಹಿಡಿದು ನಿಂತಿದ್ದಾಗ ಹೆಂಡತಿ ಬಂದಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ, ಅಪ್ಪನಿಗೆ ಸುಳ್ಳು ಹೇಳಿದ್ದೆ ಎಂದು.

"ಮಾವಂಗೆ ಗೊತ್ತಿತ್ತು ಬುಡಿ," ಎಂದಳು. "ಅವತ್ತೇ ಅಡ್ಗೆಮನೆಗೆ ಬಂದು ಯೋಳುದ್ರು. 'ಓರೆ ಆಗೋಯ್ತು ಕಣವ್ವ. ಅವ್ನೂ ನೋಡ್ದ, ಯೋಳ್ನಿಲ್ಲ. ಓಗ್ಲಿ ಬುಡು, ಉಟ್ದಾಗಿಂದ ಒಂದಿನಾನೂ ನನ್ ತಾವ ಅಷ್ಟೊತ್ತು ಕೂತಿರ್ನಿಲ್ಲ' ಅಂದ್ರು."

ಜಗಲಿಗೆ ಹೋಗಿ ಕೂತೆ. ಸುಣ್ಣದವನು ಒಳಗಿನಿಂದ ಎರಡು ಸಲ ಕರೆದ. ನಾನು ಏಳಲಿಲ್ಲ.