ಕೊನೆಯ ಟ್ಯೂಬು

ನನ್ನ ಕೆಲಸವನ್ನು ಊರಿನಲ್ಲಿ ವಿವರಿಸುವುದೆಂದರೆ ನನಗೆ ತಲೆನೋವು. ನಂದೊಳ್ಳಿಯ ಸೋದರತ್ತೆಗೆ ಮಾತ್ರ ಒಮ್ಮೆ ಹೇಳಿದ್ದೇ ಸಾಕಾಗಿತ್ತು. ನಮ್ಮ ಜೀವಕೋಶಗಳು ರಕ್ತಕ್ಕೆ ಅತಿ ಸಣ್ಣ ಚೀಲಗಳನ್ನು ಬಿಡುತ್ತಿರುತ್ತವೆ, ಅವಕ್ಕೆ ಎಕ್ಸೋಸೋಮ್ ಎನ್ನುತ್ತಾರೆ. ನಾವು ಪ್ರಯೋಗಾಲಯದಲ್ಲಿ ತಯಾರಿಸುವ ಪುಡಿಯ ಕಣಕಣದಲ್ಲೂ ರಂಧ್ರಗಳಿವೆ. ಚೀಲಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಹೊರಗಿನಿಂದ ಅಯಸ್ಕಾಂತ ಹಿಡಿದರೆ ಪುಡಿಯೆಲ್ಲ ಒಂದು ಬದಿಗೆ ಬಂದು ಕೂರುತ್ತದೆ. ಆಮೇಲೆ ಚೀಲದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯ ಎಳೆಗಳು ಬದಲಾಗಿವೆಯೇ ಎಂದು ನೋಡುವುದು. ಕೆಲವು ಕಾಯಿಲೆಗಳು ತಾವು ಬರುವ ಸುಳಿವನ್ನು ಮೊದಲೇ ಅಲ್ಲಿ ಕೊಡಬಹುದು ಎಂಬುದು ನಮ್ಮ ಆಸೆ.

ಪುಡಿಯನ್ನು ಪರೀಕ್ಷಿಸಲು ಆರೋಗ್ಯವಂತರ ರಕ್ತ ಬೇಕಿತ್ತು. ಅತ್ತೆ ತಾನಾಗಿ ಒಪ್ಪಿ, ಸಹಿ ಹಾಕಿ, ಕೈ ಚಾಚಿದಳು. ಯಲ್ಲಾಪುರ ಪೇಟೆಯಲ್ಲಿ ರಕ್ತ ತೆಗೆಸಿದೆವು. ಅದನ್ನು ತಣ್ಣಗೆ ಧಾರವಾಡದ ನಮ್ಮ ಪ್ರಯೋಗಾಲಯಕ್ಕೆ ಒಯ್ಯಲು ಮೀನು ಮಾರುವವನಿಂದ ಹೊಸ ಥರ್ಮಾಕೋಲ್ ಡಬ್ಬಿ ತಂದೆ. ಮೀನನ್ನು ಅಂಗಳಕ್ಕೂ ಸೇರಿಸದ ಅತ್ತೆ ಅದನ್ನು ಕಂಡು ನಕ್ಕಿದ್ದೇ ನಕ್ಕಿದ್ದು.

ಆಗ ನಮ್ಮ ಪುಡಿ ಯಾವ ಕೆಲಸಕ್ಕೂ ಬಾರದ್ದು. ರಂಧ್ರಗಳ ಅಳತೆ ಸರಿಯಿಲ್ಲದೆ ಬೇಡದ್ದೆಲ್ಲ ಅಂಟಿಕೊಂಡು, ಅತ್ತೆಯ ರಕ್ತ ಟ್ಯೂಬಿನ ಮೇಲೆ ಟ್ಯೂಬು ವ್ಯರ್ಥವಾಯಿತು. ಫ್ರೀಜರಿನಲ್ಲಿ ಒಂದೇ ಒಂದು ಉಳಿಯಿತು. ಮರುವರ್ಷ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಎಂದುಕೊಂಡರು. ಮೇದೋಜೀರಕದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು.

ಅವಳು ಹೋದ ಮೇಲೆ ಪುಡಿ ಸರಿಹೋಯಿತು. ಆಗ ನನಗೆ ಬಂದ ಸಿಟ್ಟು ಯಾರ ಮೇಲೆಂದು ಇಂದಿಗೂ ಗೊತ್ತಿಲ್ಲ. ಉಳಿದ ಟ್ಯೂಬನ್ನು ಪರೀಕ್ಷಿಸಿದರೆ ಅದು ಪೂರ್ತಿ ಖರ್ಚಾಗುತ್ತದೆ. ಆದರೂ ಮೊದಲೇ ತಿಳಿಯಬಹುದಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅತ್ತೆಯ ಗಂಡನಾದ ಮಾವನನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ. ಪರೀಕ್ಷಿಸಿದೆ. ಸಕ್ಕರೆಯ ಎಳೆಗಳು ಅದೇ ಕಾಯಿಲೆಯವರಲ್ಲಿ ಕಂಡಂತೆಯೇ ಬದಲಾಗಿದ್ದವು. ಒಬ್ಬರ ಒಂದು ಟ್ಯೂಬಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಗದರಿಸಿ ಹೇಳುವವಳು ನಾನೇ. ಆ ದಿನ ಆ ಮಾತು ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಮಾವನಿಂದ ಮುಚ್ಚಿಡಬಾರದೆಂದು ನಂದೊಳ್ಳಿಗೆ ಹೋದೆ. ಅವನು ಹಿತ್ತಲಿನಲ್ಲಿ ಸೌತೆ ಬಳ್ಳಿಗೆ ಕೋಲು ಊರುತ್ತಿದ್ದ. ಎಲ್ಲವನ್ನೂ ಹೇಳಿದೆ. ಬಯ್ಯುತ್ತಾನೆ, ಇಲ್ಲವೇ ಅಳುತ್ತಾನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಮೊದಲೇ ತಿಳಿಯಬಹುದಿತ್ತೇ ಎಂದು ಅವನು ಕೇಳಲೇ ಇಲ್ಲ.

"ಅಂದ್ರೆ ನಿನ್ನತ್ತೆ ರಕ್ತ ಇಷ್ಟು ದಿನ ಅಲ್ಲಿ ಇತ್ತಾ?" ಎಂದ.

ಹೌದೆಂದೆ.

"ಇಲ್ಲಿ ಎಲ್ಲಾ ಸುಟ್ಟು, ಬೂದಿನೂ ನೀರಿಗೆ ಬಿಟ್ಟಾತು. ಅದ್ರದ್ದು ಎಂತದೂ ಉಳಿದ್ದಿಲ್ಲೆ ಅಂತ ಮಾಡಿದ್ದೆ." ಕೋಲಿನ ತುದಿಯ ಮಣ್ಣನ್ನು ಬೆರಳಿನಿಂದ ಒರೆಸಿದ. "ಈಗ ಚೂರಾದ್ರೂ ಇದ್ದಾ, ಕೂಸೆ?"

"ಇಲ್ಲೆ, ಮಾವ," ಎಂದೆ.

ಅವನು ಕೈಲಿದ್ದ ಕೋಲನ್ನು ಅಲ್ಲೇ ಬಿಟ್ಟು ಒಳಗೆ ಹೋದ.